ಬಲಗಡೆ ಕೇಸ್, ಒಳ್ಳೆ ಸ್ಪೈರೋಮೆಟ್ರಿ: ಅಲ್ಲೇ ಎಚ್ಚರ

ಎದೆಯ ಆಪರೇಷನ್‌ಗೆ ಅರಿವಳಿಕೆ ಕೊಡುವುದು ನನ್ನ ಕೆಲಸ. ಸರ್ಜನ್‌ಗೆ ಜಾಗ ಸಿಗಲಿ ಅಂತ ಆಪರೇಷನ್ ಕಡೆಯ ಶ್ವಾಸಕೋಶಕ್ಕೆ ಗಾಳಿ ನಿಲ್ಲಿಸುತ್ತೇವೆ. ಹಾಗೆ ಒಂದು ಶ್ವಾಸಕೋಶ ಮುಚ್ಚಿದ ಮೇಲೆ ಯಾರ ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ, ಶೇಕಡಾದಲ್ಲಿ) ಬೀಳುತ್ತದೆ ಅಂತ ಮೊದಲೇ ಹೇಳಬಹುದು ಅಂದಾಗ, ಮುಂಬೈನ ನಮ್ಮ ಓಟಿಯಲ್ಲಿ ಯಾರೂ ನಂಬಲಿಲ್ಲ. "ಬಿದ್ದಾಗ ನೋಡಿಕೊಂಡರಾಯ್ತು ಬಿಡ್ರಿ ಡಾಕ್ಟರ್, ಎರಡೂ ಕಡೆ ಗಾಳಿ ಕೊಟ್ಟರೆ ಏರತದ" ಅಂದರು ಧಾರವಾಡ ಕಡೆಯ ನಮ್ಮ ಸರ್ಜನ್. ಏರುತ್ತದೆ, ನಿಜ. ಆದರೆ ಅವರು ರಕ್ತನಾಳ ಬಿಡಿಸುತ್ತಿರುವಾಗಲೇ ಶ್ವಾಸಕೋಶ ಉಬ್ಬಿದರೆ?

ಮೊದಲು ಎಫ್‌ಇವಿ 1 (ಸ್ಪೈರೋಮೆಟ್ರಿ ಅನ್ನುವ ಊದುವ ಪರೀಕ್ಷೆಯಲ್ಲಿ ಮೊದಲ ಸೆಕೆಂಡಿಗೆ ಹೊರಬರುವ ಗಾಳಿ) ಹಿಡಿದು ಹೊರಟೆ. ಕಡಿಮೆ ಇದ್ದವರಿಗೇ ಬೀಳುತ್ತದೆ ಅಂದುಕೊಂಡಿದ್ದೆ. ಪೂರ್ತಿ ಉಲ್ಟಾ ಆಯ್ತು. ವರ್ಷಗಟ್ಟಲೆ ಬೀಡಿ ಸೇದಿ, ಲೀಟರ್ ಚಿಲ್ಲರೆ ಊದಿದವರು 97ರಲ್ಲಿ ಆರಾಮಾಗಿದ್ದರು. ಅವರ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ, ಒಳಗೇ ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶ ಕುಗ್ಗದಂತೆ ಹಿಡಿಯುವ ಒತ್ತಡ) ಥರ ನಿಲ್ಲುತ್ತದೆ. ಸ್ಪೈರೋಮೆಟ್ರಿ ಚೆನ್ನಾಗಿದ್ದ ನಲವತ್ತರ ಹೆಂಗಸಿಗೆ, ಬಲಗಡೆ ಲೋಬೆಕ್ಟಮಿಯಲ್ಲಿ (ಶ್ವಾಸಕೋಶದ ಒಂದು ಭಾಗ ತೆಗೆಯುವುದು), ಇಪ್ಪತ್ತನೇ ನಿಮಿಷಕ್ಕೆ 84. ಉಸಿರಿನ ಟ್ಯೂಬ್ ಜಾರಿದೆ ಅಂತ ಒಳಗೆ ನೋಡುವ ಬ್ರಾಂಕೋಸ್ಕೋಪ್ ಹಾಕಿದೆ. ಟ್ಯೂಬಿನ ಬಲೂನ್ (ಕಫ್) ಸರಿಯಾದ ಜಾಗದಲ್ಲೇ ಇತ್ತು. ಆ ರಾತ್ರಿ ಮಾಟುಂಗಾದ ಮನೆಯಲ್ಲಿ ಊಟ ಸೇರಲಿಲ್ಲ.

ಆಮೇಲೆ ಪ್ರತಿ ಕೇಸ್ ಬರೆದುಕೊಳ್ಳಲು ಒಂದು ಪುಸ್ತಕ ಇಟ್ಟೆ. ಬಲಗಡೆಯೋ ಎಡಗಡೆಯೋ, ಎಫ್‌ಇವಿ 1, ತೂಕ. ಎಲ್ಲಕ್ಕಿಂತ ಮುಖ್ಯವಾಗಿ, ಪಕ್ಕಕ್ಕೆ ಮಲಗಿಸಿ, ಎರಡೂ ಶ್ವಾಸಕೋಶ ನಡೆಯುತ್ತಿರುವಾಗಲೇ 100% ಆಕ್ಸಿಜನ್ ಮೇಲೆ ಒಂದು ಎಬಿಜಿ (ಅಪಧಮನಿ ರಕ್ತದ ಅನಿಲ ಪರೀಕ್ಷೆ). ಅದರಲ್ಲಿ ಪಿಎಒ2 (ರಕ್ತದ ಆಕ್ಸಿಜನ್ ಒತ್ತಡ) 400ರ ಮೇಲಿದ್ದರೆ ನಿಶ್ಚಿಂತೆ. 300ರ ಕೆಳಗೆ ಇದ್ದು ಬಲಗಡೆ ಕೇಸ್ ಆದರೆ, ಸಿಪ್ಯಾಪ್ (ಮುಚ್ಚಿದ ಶ್ವಾಸಕೋಶಕ್ಕೆ ಸಣ್ಣ ಒತ್ತಡದಲ್ಲಿ ಸತತವಾಗಿ ಆಕ್ಸಿಜನ್ ಕೊಡುವ ಸಾಧನ) ಜೋಡಿಸಿಟ್ಟೇ ಶುರು ಮಾಡುತ್ತೇನೆ. ಇವಕ್ಕೆಲ್ಲ ಅಂಕ ಕೊಟ್ಟು ಅಂದಾಜು ಮಾಡುತ್ತೇನೆ; ಪ್ರತಿಯೊಂದಕ್ಕೂ ಎಷ್ಟು ಅಂಕ ಅನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಜಗಳವಾಗಿದ್ದು ದುಡ್ಡಿಗೆ. ಒಂದು ಎಬಿಜಿಗೆ ಆಗ 700-800 ರೂಪಾಯಿ ಆಗುತ್ತಿತ್ತು. ಜಾಸ್ತಿ ಎಬಿಜಿ ಯಾಕೆ ಅಂತ ಆಡಳಿತದವರು ಮೂರು ಸಲ ಕೇಳಿದರು. ಎರಡು ತಿಂಗಳು ನನ್ನ ಕೈಯಿಂದಲೇ ಕೊಟ್ಟೆ.

ಟಿಬಿಯಿಂದ ಕೆಟ್ಟ ಶ್ವಾಸಕೋಶ ತೆಗೆಯುವ ಕೇಸುಗಳು ನಮ್ಮಲ್ಲಿ ಬಹಳ. ಅವರಿಗೆ ಇಷ್ಟು ಬೀಳುವುದಿಲ್ಲ. ಕೆಟ್ಟ ಕಡೆಗೆ ರಕ್ತ ಮೊದಲೇ ಕಡಿಮೆ ಹೋಗುತ್ತಿರುತ್ತದೆ, ಅಲ್ವಾ? ಇದು ನೋಡಿಯೇ, ಮುಚ್ಚಿದ ತಕ್ಷಣ ಇಟಿಸಿಒ2 (ಹೊರಬಿಡುವ ಉಸಿರಿನ ಕೊನೆಯಲ್ಲಿರುವ ಕಾರ್ಬನ್ ಡೈಆಕ್ಸೈಡ್) ಎಷ್ಟು ಬದಲಾಗುತ್ತದೆ ಅಂತಲೂ ಬರೆದುಕೊಂಡೆ. ಹತ್ತು ಹನ್ನೆರಡು ಕೇಸ್ ನೋಡಿದೆ, ಏನೂ ಕೈಗೆ ಹತ್ತಲಿಲ್ಲ, ಬಿಟ್ಟೆ.

ಈಗ ಅರವತ್ತಕ್ಕೂ ಜಾಸ್ತಿ ಕೇಸ್ ಆಗಿವೆ. ಬೀಳುತ್ತದೆ ಅಂತ ಹೇಳಿದ್ದರಲ್ಲಿ ತಪ್ಪಿದ್ದು ಬೆರಳೆಣಿಕೆಯಷ್ಟು. ಬೀಳುವುದಿಲ್ಲ ಅಂದು ಬಿದ್ದದ್ದು ಎರಡು, ಅದರಲ್ಲಿ ಒಂದು ಟ್ಯೂಬ್ ಸರಿದದ್ದೇ. ಹೋದ ವಾರ ಸರ್ಜನ್ ಕೈ ತೊಳೆಯುತ್ತಾ ತಾವೇ ಕೇಳಿದರು: "ಇವತ್ತಿನ ಪೇಷಂಟ್ ಹೆಂಗ್ರೀ, ಬೀಳತದೇನು?"

"ಬೀಳುತ್ತೆ ಸರ್, ಇಪ್ಪತ್ತು ನಿಮಿಷಕ್ಕೆ" ಅಂದೆ. ಹದಿನೆಂಟಕ್ಕೆ 91 ಆಯ್ತು. ಸಿಪ್ಯಾಪ್ ಮೊದಲೇ ಸಿದ್ಧ ಇತ್ತು.