ತಲೆ ಒಣಗಿ ತುರಿಸುತ್ತಿದ್ದರೆ ಮೊದಲು ಹೊಟ್ಟು ನೋಡಿ

ತಲೆ ತುರಿಸುತ್ತದೆ ಅಂತ ಬಾಯಿ ಬಿಟ್ಟರೆ ಸಾಕು, ಸುತ್ತಲಿದ್ದವರೆಲ್ಲ ಒಂದೊಂದು ಮದ್ದು ಹೇಳುತ್ತಾರೆ. ಒಬ್ಬರು ಚೆನ್ನಾಗಿ ಎಣ್ಣೆ ಹಚ್ಚು ಅನ್ನುತ್ತಾರೆ. ಇನ್ನೊಬ್ಬರು ಎಣ್ಣೆ ಮುಟ್ಟಲೇಬೇಡ ಅನ್ನುತ್ತಾರೆ. ಇಬ್ಬರ ಮಾತೂ ಸರಿಯೇ. ಆದರೆ ಒಂದೇ ತಲೆಗೆ ಅಲ್ಲ.

ಅದಕ್ಕೆ ನಾನು ಯಾರಿಗೇ ಆಗಲಿ ಮೊದಲು ಹೇಳುವುದು ಒಂದೇ. ಹೆಗಲ ಮೇಲೆ ಕಪ್ಪು ಬಟ್ಟೆ ಹಾಕಿಕೊಂಡು ತಲೆ ಬಾಚಿ, ಬಿದ್ದ ಹೊಟ್ಟನ್ನು ನೋಡಿ. ಸಣ್ಣಗೆ, ಬೆಳ್ಳಗೆ, ಪುಡಿಪುಡಿಯಾಗಿದ್ದು ಕೊಡವಿದರೆ ಹಾರಿಹೋಗುತ್ತದೆಯೇ? ತಲೆಯ ಚರ್ಮ ಬಿಗಿಬಿಗಿ ಅನಿಸುತ್ತದೆಯೇ? ಕೈಕಾಲಿನ ಚರ್ಮವೂ ಒಡೆದಂತಿದೆಯೇ? ಹಾಗಿದ್ದರೆ ಅದು ಒಣ ತಲೆ. ಹೊಟ್ಟು ದೊಡ್ಡ ಪದರವಾಗಿ, ಸ್ವಲ್ಪ ಹಳದಿಯಾಗಿ, ಮುಟ್ಟಿದರೆ ಜಿಡ್ಡು ಹತ್ತುವಂತಿದ್ದರೆ ಅದು ಬೇರೆ ಕಥೆ. ಎಲ್ಲರ ತಲೆಯ ಮೇಲೂ ಮಲಸೇಜಿಯಾ ಅನ್ನುವ ಒಂದು ಬಗೆಯ ಶಿಲೀಂಧ್ರ ಇರುತ್ತದೆ. ತಲೆಯಲ್ಲಿ ಸುರಿಯುವ ಜಿಡ್ಡೇ ಅದರ ಊಟ. ಅದು ಜಿಡ್ಡನ್ನು ಒಡೆದಾಗ ಉಳಿಯುವ ಆಮ್ಲ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಆಗ ತುರಿಕೆ, ಕೆಂಪು, ಜಿಡ್ಡು ಹೊಟ್ಟು ಎಲ್ಲ ಒಟ್ಟಿಗೆ ಬರುತ್ತವೆ. ಅಂಥ ತಲೆಗೆ ರಾತ್ರಿಯಿಡೀ ಎಣ್ಣೆ ಹಚ್ಚಿಟ್ಟರೆ ಆ ಶಿಲೀಂಧ್ರಕ್ಕೆ ಔತಣ ಕೊಟ್ಟ ಹಾಗೆ. ಹೊಟ್ಟು ಒದ್ದೆಯಾಗಿ ಅಂಟಿಕೊಳ್ಳುವುದರಿಂದ ಒಂದು ದಿನ ಕಡಿಮೆ ಆದಂತೆ ಕಾಣುತ್ತದೆ, ಅಷ್ಟೇ.

ಒಣ ತಲೆಗೆ ಬೇಕಿರುವುದು ಇದ್ದ ಜಿಡ್ಡನ್ನು ಉಳಿಸಿಕೊಳ್ಳುವುದು. ಮದ್ದಿಗಿಂತ ಸ್ನಾನದ ಮನೆಯಲ್ಲೇ ಅರ್ಧ ಕೆಲಸ ಆಗುತ್ತದೆ. ಸುಡುಸುಡು ನೀರು ಮೊದಲು ಬಿಡಿ. ತುರಿಸುವ ತಲೆಯ ಮೇಲೆ ಬಿಸಿನೀರು ಬಿದ್ದರೆ ಹಾಯೆನಿಸುತ್ತದೆ, ಸುಳ್ಳಲ್ಲ. ಆದರೆ ಅದು ಚರ್ಮದ ಜಿಡ್ಡನ್ನೆಲ್ಲ ತೊಳೆದುಕೊಂಡು ಹೋಗುತ್ತದೆ, ತಲೆ ಆರಿದ ಮೇಲೆ ತುರಿಕೆ ಇನ್ನೂ ಜಾಸ್ತಿ. ನೀರು ಉಗುರುಬೆಚ್ಚಗಿದ್ದರೆ ಸಾಕು.

ಶಾಂಪೂವನ್ನು ನೇರವಾಗಿ ನೆತ್ತಿಗೆ ಸುರಿದುಕೊಳ್ಳಬೇಡಿ. ಒಂದು ಲೋಟ ನೀರಿಗೆ ಸ್ವಲ್ಪ ಹಾಕಿ ಕಲಸಿಕೊಂಡು, ಆ ನೀರನ್ನು ತಲೆಗೆ ಹಾಕಿ. ನೊರೆ ಜಾಸ್ತಿ ಬಂದರೆ ಚೆನ್ನಾಗಿ ಶುದ್ಧವಾಯಿತು ಅನ್ನುವುದು ಬರೀ ನಂಬಿಕೆ. ಘಮಘಮ ಅನ್ನುವ ಶಾಂಪೂಗಿಂತ ವಾಸನೆ ಇಲ್ಲದ ಸಾದಾ ಶಾಂಪೂ ಒಣ ತಲೆಗೆ ಒಳ್ಳೆಯದು, ಏಕೆಂದರೆ ಸುವಾಸನೆಗೆ ಹಾಕುವ ವಸ್ತುಗಳೇ ಎಷ್ಟೋ ಜನಕ್ಕೆ ತುರಿಕೆ ತರುತ್ತವೆ. ಉಗುರಿನಿಂದ ಕೆರೆಯದೆ ಬೆರಳ ತುದಿಯ ಮೆತ್ತನೆ ಭಾಗದಲ್ಲಿ ಉಜ್ಜಿ. ಆಮೇಲೆ ತೊಳೆಯುವುದಕ್ಕೆ ಅವಸರ ಮಾಡಬೇಡಿ. ಕಿವಿಯ ಹಿಂದೆ, ಹೆಕ್ಕತ್ತಿನಲ್ಲಿ ಶಾಂಪೂ ಉಳಿದು ಒಣಗಿದರೆ ಅಲ್ಲೇ ತುರಿಕೆ ಶುರುವಾಗುತ್ತದೆ. ಗಡಸು ನೀರಾದರಂತೂ ಸೋಪು ಅದರ ಜೊತೆ ಸೇರಿ ಬಿಳಿ ಪೊರೆಯಂತೆ ಕೂದಲಿಗೆ ಅಂಟುತ್ತದೆ, ಜನ ಅದನ್ನೇ ಹೊಟ್ಟು ಅಂದುಕೊಳ್ಳುತ್ತಾರೆ. ತಲೆಗೆ ಮೈಸೋಪು ಬೇಡವೇ ಬೇಡ.

ವಾರಕ್ಕೆ ಎಷ್ಟು ಸಲ ಅಂತ ಕೇಳುತ್ತೀರಿ. ಒಣ ತಲೆಗೆ ಒಂದೆರಡು ಸಲ ಸಾಕು. ಜಿಡ್ಡು ಹೊಟ್ಟಿದ್ದವರು ಮಾತ್ರ ಇನ್ನೂ ಹೆಚ್ಚು ಸಲ ತೊಳೆಯಬೇಕು, ಅವರು ತೊಳೆಯುವುದನ್ನು ಕಡಿಮೆ ಮಾಡಿದಷ್ಟೂ ಹೊಟ್ಟು ಹೆಚ್ಚುತ್ತದೆ. ವಯಸ್ಸಾದ ಹಾಗೆ ತಲೆಯ ಜಿಡ್ಡು ತಾನಾಗಿ ಕಡಿಮೆಯಾಗುತ್ತದೆ, ಹೆಂಗಸರಿಗೆ ಮುಟ್ಟು ನಿಂತ ಮೇಲೆ ಇನ್ನೂ ಕಡಿಮೆ. ಇಪ್ಪತ್ತರ ವಯಸ್ಸಿನಲ್ಲಿ ದಿನಾ ತಲೆಗೆ ಸ್ನಾನ ಮಾಡಿದವರು ಅರವತ್ತರಲ್ಲೂ ಹಾಗೇ ಮಾಡುತ್ತೇನೆ ಅಂದರೆ ತಲೆ ಒಪ್ಪುವುದಿಲ್ಲ.

ಇನ್ನು ಎಣ್ಣೆ. ಒಣ ತಲೆಗೆ ನನ್ನ ಮೊದಲ ಆಯ್ಕೆ ಕೊಬ್ಬರಿ ಎಣ್ಣೆ. ಸ್ನಾನಕ್ಕೆ ಅರ್ಧ ಅಥವಾ ಒಂದು ಗಂಟೆ ಮೊದಲು, ಒಂದೆರಡು ಸಣ್ಣ ಚಮಚ ಎಣ್ಣೆಯನ್ನು ಅಂಗೈಯಲ್ಲೇ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಕೂದಲನ್ನು ಬೈತಲೆ ತೆಗೆದು ತೆಗೆದು, ಚರ್ಮಕ್ಕೆ ಮುಟ್ಟುವ ಹಾಗೆ ಹಚ್ಚಿ. ಕೂದಲಿಗೆ ಸವರಿ ಎಣ್ಣೆ ಹಚ್ಚಿದೆ ಅಂದರೆ ಆಗಲಿಲ್ಲ, ತುರಿಸುತ್ತಿರುವುದು ಕೂದಲಲ್ಲ ತಾನೇ. ಸುರಿದುಕೊಂಡರೆ ಬೇಗ ಗುಣ ಅಂತಲೂ ಇಲ್ಲ. ಸುರಿದದ್ದನ್ನು ತೆಗೆಯಲು ಮತ್ತೆ ಎರಡು ಸಲ ಶಾಂಪೂ ಬೇಕಾಗುತ್ತದೆ, ಅಲ್ಲಿಗೆ ಮಾಡಿದ್ದೆಲ್ಲ ವ್ಯರ್ಥ. ಹರಳೆಣ್ಣೆ ತುಂಬ ಅಂಟು, ಬೇಕಿದ್ದರೆ ಕೊಬ್ಬರಿ ಎಣ್ಣೆಯ ಜೊತೆ ಸ್ವಲ್ಪ ಬೆರೆಸಿ. ಸಾಸಿವೆ ಎಣ್ಣೆಯನ್ನು ತುರಿಸುವ ತಲೆಗೆ ನಾನು ಹಚ್ಚಲು ಬಿಡುವುದಿಲ್ಲ, ಅದು ಉರಿಸುತ್ತದೆ. ಆಲಿವ್ ಎಣ್ಣೆಗೆ ಹೆಸರು ದೊಡ್ಡದು, ಆದರೆ ಅದು ಚರ್ಮದ ಹೊರಪದರವನ್ನು ಸಡಿಲ ಮಾಡುತ್ತದೆ. ಒಡೆದ ಚರ್ಮಕ್ಕೆ ಅದು ಬೇಡ.

ಎಣ್ಣೆಯ ಜಿಡ್ಡು ಹಿಡಿಸದವರಿಗೆ ಲೋಳೆಸರ ಇದೆ. ಇದರಲ್ಲಿ ಒಂದು ಕಿವಿಮಾತು. ಎಲೆ ಕತ್ತರಿಸಿದ ಕೂಡಲೇ ಬುಡದಿಂದ ಹಳದಿ ಹಾಲು ಒಸರುತ್ತದೆ. ಅದು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ತುರಿಕೆಗೆ ಅಂತ ಹಚ್ಚಿ ತುರಿಕೆ ಜಾಸ್ತಿ ಮಾಡಿಕೊಳ್ಳುವವರು ಬಹಳ ಮಂದಿ. ಎಲೆಯನ್ನು ಹದಿನೈದು ಇಪ್ಪತ್ತು ನಿಮಿಷ ನೆಟ್ಟಗೆ ನಿಲ್ಲಿಸಿಡಿ, ಹಾಲು ಇಳಿದುಹೋಗುತ್ತದೆ. ಆಮೇಲೆ ಸಿಪ್ಪೆ ತೆಗೆದು, ಒಳಗಿನ ಪಾರದರ್ಶಕ ಲೋಳೆಯನ್ನು ಒಮ್ಮೆ ನೀರಲ್ಲಿ ತೊಳೆದು ಬಳಸಿ. ಅರ್ಧ ಗಂಟೆ ಬಿಟ್ಟು ತಲೆ ತೊಳೆಯಿರಿ. ತೊಳೆಯದೆ ಬಿಟ್ಟರೆ ಒಣಗಿ, ಉದುರಿ, ಹೊಸ ಹೊಟ್ಟಿನಂತೆ ಕಾಣುತ್ತದೆ.

ಓಟ್ಸ್ ನೀರಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಏಕೆಂದರೆ ಇದನ್ನು ತಲೆಗೆ ಬಳಸುವವರು ಕಡಿಮೆ. ಓಟ್ಸಿನಲ್ಲಿ ತುರಿಕೆ ತಗ್ಗಿಸುವ ಅಂಶವೂ ಇದೆ, ನೀರಿನ ಪಸೆ ಹಿಡಿದಿಡುವ ಲೋಳೆಯೂ ಇದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ 2003ರಲ್ಲಿ ನಯವಾದ ಓಟ್ಸ್ ಪುಡಿಯನ್ನು ಚರ್ಮ ಕಾಪಾಡುವ ವಸ್ತು ಅಂತ ಒಪ್ಪಿಕೊಂಡಿತು. ಏನೂ ಬೆರೆಸದ ಸಾದಾ ಓಟ್ಸನ್ನು ಎರಡು ದೊಡ್ಡ ಚಮಚದಷ್ಟು ಮಿಕ್ಸಿಯಲ್ಲಿ ಹಿಟ್ಟಿನಂತೆ ನುಣ್ಣಗೆ ಮಾಡಿ. ಒಂದು ಚಿಟಿಕೆ ನೀರಿಗೆ ಹಾಕಿದರೆ ನೀರು ಹಾಲಿನಂತೆ ಆಗಬೇಕು, ತಳದಲ್ಲಿ ಮರಳಿನಂತೆ ಕೂತರೆ ಇನ್ನೊಮ್ಮೆ ಪುಡಿ ಮಾಡಿ. ಇದನ್ನು ಎರಡು ಲೋಟ ಉಗುರುಬೆಚ್ಚಗಿನ ನೀರಲ್ಲಿ ಕಾಲು ಗಂಟೆ ನೆನೆಸಿ, ತೆಳು ಬಟ್ಟೆಯಲ್ಲಿ ಸೋಸಿ. ಸೋಸುವುದನ್ನು ಬಿಟ್ಟರೆ ಕೂದಲಿಂದ ತರಿ ಆರಿಸುತ್ತ ಕೂರಬೇಕಾಗುತ್ತದೆ! ತಲೆ ತೊಳೆದ ಮೇಲೆ ಈ ನೀರನ್ನು ನಿಧಾನಕ್ಕೆ ನೆತ್ತಿಗೆ ಹಾಕಿ, ಐದು ಹತ್ತು ನಿಮಿಷ ಬಿಟ್ಟು ಸಾದಾ ನೀರಲ್ಲಿ ತೊಳೆಯಿರಿ. ಕೆರೆದು ಕೆರೆದು ಕೆಂಪಾದ ತಲೆಗೂ ಇದು ಉರಿಯುವುದಿಲ್ಲ. ಮಾಡಿದ್ದನ್ನು ಅವತ್ತೇ ಬಳಸಿ, ಮರುದಿನಕ್ಕೆ ಹುಳಿ ಬರುತ್ತದೆ.

ಮೆಂತ್ಯ, ದಾಸವಾಳದ ಎಲೆ ಇವೂ ಲೋಳೆಯಿಂದಲೇ ಕೆಲಸ ಮಾಡುವುದು. ರಾತ್ರಿ ನೆನೆಸಿದ ಮೆಂತ್ಯವನ್ನು ನುಣ್ಣಗೆ ರುಬ್ಬಿ ಹಚ್ಚಿದರೆ ತಲೆ ಮೆತ್ತಗಾಗುತ್ತದೆ. ಕಡಲೆಕಾಯಿ, ಕಡಲೆ ಆಗದವರಿಗೆ ಮೆಂತ್ಯವೂ ಆಗದಿರಬಹುದು, ಅವರು ದೂರ ಇರಲಿ. ಮೊಸರು ತಂಪು, ಹತ್ತು ಹದಿನೈದು ನಿಮಿಷಕ್ಕೆ ತೊಳೆದರೆ ತೊಂದರೆ ಇಲ್ಲ.

ಜಿಡ್ಡು ಹೊಟ್ಟಿನವರಿಗೆ ಮನೆಮದ್ದಿನಲ್ಲಿ ಜೇನುತುಪ್ಪವನ್ನು ಹೇಳುತ್ತೇನೆ. 2001ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ 30 ಜನ ಸ್ವಲ್ಪ ಬೆಚ್ಚಗಿನ ನೀರು ಬೆರೆಸಿದ ಜೇನನ್ನು ದಿನ ಬಿಟ್ಟು ದಿನ ಹಚ್ಚಿ, 3 ಗಂಟೆ ಬಿಟ್ಟು ತೊಳೆದರು. ಒಂದೇ ವಾರದಲ್ಲಿ ತುರಿಕೆ ನಿಂತಿತು. ಹಚ್ಚುವುದನ್ನು ಪೂರ್ತಿ ಬಿಟ್ಟವರಲ್ಲಿ ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಮತ್ತೆ ಬಂತು. ಮೂರು ಗಂಟೆ ತಲೆಯಲ್ಲಿ ಜೇನು ಇಟ್ಟುಕೊಂಡು ಕೂರುವ ತಾಳ್ಮೆ ಯಾರಿಗಿದೆ ಅನ್ನುವುದು ಬೇರೆ ಪ್ರಶ್ನೆ. ಟೀ ಟ್ರೀ ಅನ್ನುವ ಆಸ್ಟ್ರೇಲಿಯಾದ ಗಿಡದ ಎಲೆಯಿಂದ ತೆಗೆಯುವ ಎಣ್ಣೆಯೂ ಹೊಟ್ಟಿಗೆ ಉಪಯೋಗ. 2002ರ ಒಂದು ಅಧ್ಯಯನದಲ್ಲಿ ನೂರಕ್ಕೆ 5ರಷ್ಟು ಅದು ಇದ್ದ ಶಾಂಪೂ ನಾಲ್ಕು ವಾರದಲ್ಲಿ ಹೊಟ್ಟನ್ನು ನೂರಕ್ಕೆ 41ರಷ್ಟು ಕಡಿಮೆ ಮಾಡಿತ್ತು. ಆದರೆ ಬಾಟಲಿಯಿಂದ ನೇರ ತಲೆಗೆ ಹನಿಸಿದರೆ ಸುಡುತ್ತದೆ. ಒಂದು ಬಾರಿಗೆ ಬೇಕಾಗುವಷ್ಟು ಶಾಂಪೂಗೆ ಎರಡು ಮೂರು ಹನಿ ಸಾಕು. ಹಳೆಯ ಬಾಟಲಿ ಎಸೆಯಿರಿ, ಗಾಳಿಗೆ ಕೆಟ್ಟ ಎಣ್ಣೆಯಿಂದಲೇ ಅಲರ್ಜಿ ಹೆಚ್ಚು. ಮಕ್ಕಳು, ಬೆಕ್ಕು, ನಾಯಿ ಇರುವ ಮನೆಯಲ್ಲಿ ಎತ್ತರದಲ್ಲಿಡಿ, ಹೊಟ್ಟೆಗೆ ಹೋದರೆ ವಿಷ.

ಈ ಹೊಟ್ಟು ಮನೆಮದ್ದಿಗೆ ಜಗ್ಗದಿದ್ದರೆ ಶಿಲೀಂಧ್ರವನ್ನು ತಡೆಯುವ ಕೀಟೋಕೊನಜೋಲ್ ಇರುವ ಔಷಧದ ಶಾಂಪೂ ತರಲು ಸಂಕೋಚ ಬೇಡ. ಹಚ್ಚಿ ಮೂರರಿಂದ ಐದು ನಿಮಿಷ ಬಿಡಬೇಕು. ಹಾಕಿದ ಕೂಡಲೇ ತೊಳೆದುಬಿಟ್ಟು, ಏನೂ ಆಗಲಿಲ್ಲ ಅಂತ ದೂರುವವರೇ ಜಾಸ್ತಿ.

ಈಗ ಬೇಡದ ಮದ್ದುಗಳು. ಉರಿದರೆ ಕೆಲಸ ಮಾಡುತ್ತಿದೆ ಅನ್ನುವ ಮಾತು ನನಗೆ ಸಿಟ್ಟು ತರಿಸುತ್ತದೆ. ಉರಿದರೆ ಚರ್ಮ ಬೇಡ ಅನ್ನುತ್ತಿದೆ ಅಂತ ಅರ್ಥ, ತಕ್ಷಣ ತೊಳೆಯಿರಿ. ತಲೆಯ ಚರ್ಮ ಸ್ವಲ್ಪ ಹುಳಿ ಗುಣದ್ದು, ಹುಳಿ ಅಳೆಯುವ ಪಿಎಚ್ ಲೆಕ್ಕದಲ್ಲಿ ಸುಮಾರು 5.5. ಅಡುಗೆ ಸೋಡಾ ಅದಕ್ಕೆ ಪೂರಾ ವಿರುದ್ಧ, ಹಚ್ಚಿದರೆ ಚರ್ಮವೂ ಕೂದಲೂ ಒರಟಾಗುತ್ತವೆ. ನಿಂಬೆರಸ ಮತ್ತೊಂದು ಕಡೆಗೆ ಅತಿ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಹಣೆ, ಕಿವಿ, ಕತ್ತಿನ ಮೇಲೆ ಬೊಬ್ಬೆ, ಕಪ್ಪು ಕಲೆ ಬೀಳಬಹುದು. ವಿನೆಗರ್ ಬೇಕೇ ಬೇಕು ಅನ್ನುವವರು ಒಂದು ದೊಡ್ಡ ಲೋಟ ನೀರಿಗೆ ಒಂದು ದೊಡ್ಡ ಚಮಚ ಹಾಕಿ, ಒಂದೆರಡು ನಿಮಿಷಕ್ಕೆ ತೊಳೆಯಲಿ. ಕೆರೆದು ಗಾಯವಾಗಿದ್ದರೆ ಅದೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ರಸದ ಸುದ್ದಿಗೇ ಹೋಗಬೇಡಿ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿದರೆ ತಂಪೆನಿಸಿ ತುರಿಕೆ ಮರೆಯುತ್ತದೆ, ನಿಜ. ಆದರೆ ಚಿಕ್ಕ ಮಕ್ಕಳ ಹೊಟ್ಟೆಗೆ ಸ್ವಲ್ಪ ಕರ್ಪೂರ ಹೋದರೂ ಫಿಟ್ಸ್ ಬರುವ ಅಪಾಯ ಇದೆ. ಮಕ್ಕಳಿರುವ ಮನೆಯಲ್ಲಿ ಆ ಎಣ್ಣೆ ಇಡಬೇಡಿ.

ಯಾವುದೇ ಹೊಸ ಮದ್ದನ್ನು ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದೆರಡು ದಿನ ನೋಡಿ. ಒಂದು ಸಲಕ್ಕೆ ಒಂದೇ ಮದ್ದು. ನಾಲ್ಕನ್ನು ಒಟ್ಟಿಗೆ ಹಚ್ಚಿದರೆ ಯಾವುದು ಒಗ್ಗಿತು, ಯಾವುದು ಕೆಡಿಸಿತು ಅಂತ ತಿಳಿಯುವುದು ಹೇಗೆ? ಎರಡು ಮೂರು ವಾರವಾದರೂ ಸಮಯ ಕೊಡಿ. ಸುಮ್ನೆ ನೀರು ಜಾಸ್ತಿ ಕುಡಿಯಿರಿ ಅನ್ನುವ ಸಲಹೆಯೂ ಓಡಾಡುತ್ತದೆ. ಕುಡಿಯಿರಿ, ಒಳ್ಳೆಯದೇ. ಆದರೆ ಅದರಿಂದ ತಲೆಯ ಚರ್ಮ ಮೆತ್ತಗಾಗುವುದಿಲ್ಲ. ಕೋಣೆಯ ಗಾಳಿ ಒಣಗಿದ್ದರೆ, ಏಸಿ ಅಥವಾ ಹೀಟರ್ ಹಗಲು ರಾತ್ರಿ ಓಡುತ್ತಿದ್ದರೆ ಅದನ್ನು ಕಡಿಮೆ ಮಾಡಿದರೆ ಹೆಚ್ಚು ಲಾಭ.

ರಾತ್ರಿ ತುರಿಕೆ ಕೆರಳಿದಾಗ ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಆ ಜಾಗಕ್ಕೆ ಐದು ನಿಮಿಷ ಒತ್ತಿ ಹಿಡಿಯಿರಿ. ಉಗುರು ಕತ್ತರಿಸಿಕೊಂಡಿರಿ, ನಿದ್ದೆಯಲ್ಲಿ ಕೈ ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು.

ಕಿವಿಯ ಹಿಂದೆ, ಹೆಕ್ಕತ್ತಲ್ಲಿ ಮಾತ್ರ ತುರಿಕೆ ಇದ್ದರೆ ಮದ್ದು ಹುಡುಕುವ ಮೊದಲು ಹೇನು ಹುಡುಕಿ. ಹೊಟ್ಟು ಊದಿದರೆ ಬೀಳುತ್ತದೆ, ಸೀರು ಕೂದಲಿಗೆ ಅಂಟಿಕೊಂಡು ಎಳೆದರೂ ಜಾರುವುದಿಲ್ಲ. ಕೂದಲಿಗೆ ಬಣ್ಣ ಹಚ್ಚಿದ ಮೇಲೆ ತುರಿಕೆ ಶುರುವಾಗಿ ರೆಪ್ಪೆ, ಕಿವಿ ಊದಿಕೊಂಡರೆ ಅದು ಬಣ್ಣದ ಅಲರ್ಜಿ, ಮತ್ತೆ ಅದನ್ನು ಮುಟ್ಟಬೇಡಿ, ವೈದ್ಯರಿಗೆ ತೋರಿಸಿ. ದಪ್ಪ ಬೆಳ್ಳಿ ಬಣ್ಣದ ಪೊರೆ ಹಣೆಯ ಅಂಚು ದಾಟಿ ಬಂದರೆ ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆ ಇರಬಹುದು. ಮಗುವಿನ ತಲೆಯಲ್ಲಿ ದುಂಡಗೆ ಕೂದಲು ಉದುರಿದ್ದರೆ ಹುಳುಕಡ್ಡಿಯ ಅನುಮಾನ. ಅದು ಮನೆಯವರಿಗೆಲ್ಲ ಹರಡುತ್ತದೆ, ಮೇಲೆ ಹಚ್ಚುವುದರಿಂದ ಹೋಗುವುದಿಲ್ಲ, ವೈದ್ಯರು ಕೊಡುವ ಮಾತ್ರೆಯೇ ಬೇಕು. ಕೀವು, ಜ್ವರ, ಕತ್ತಿನಲ್ಲಿ ಗಂಟು ಕಂಡರಂತೂ ಮನೆಮದ್ದಿನ ಮಾತೇ ಬೇಡ.

ಎಳೆಗೂಸಿನ ತಲೆಯ ಮೇಲೆ ಹಳದಿ ಪೊರೆ ಕಟ್ಟಿದ್ದರೆ ಗಾಬರಿಯಾಗಬೇಡಿ. ಅದು ಕೂಸಿಗೆ ತುರಿಸುವುದೂ ಇಲ್ಲ, ಕೆಲವು ತಿಂಗಳಲ್ಲಿ ತಾನಾಗಿ ಹೋಗುತ್ತದೆ. ಸ್ವಲ್ಪ ಎಣ್ಣೆ ಸವರಿ, ಮೆತ್ತಗಾದ ಮೇಲೆ ಮಗುವಿನ ಶಾಂಪೂ ಹಾಕಿ ತೊಳೆದು, ಮೃದು ಬ್ರಷ್‌ನಿಂದ ಹಗುರಕ್ಕೆ ಸವರಿದರೆ ಬಂದಷ್ಟು ಬರುತ್ತದೆ. ಬಾರದ್ದನ್ನು ಉಗುರಿಂದ ಎಬ್ಬಿಸಲು ಹೋಗಬೇಡಿ.