ಸೂಪರ್‌ಚಾರ್ಜರ್ ಬದಲಿಸುವ ಮೊದಲು ಪೆಟ್ರೋಲಿನ ದಾರಿ ಅಗಲಿಸಿ

ಫೋರ್ಡ್ ಕಂಪನಿ 2007ರ ಮಾದರಿಯಾಗಿ ಹೊರತಂದ ಶೆಲ್ಬಿ ಜಿಟಿ500 ಮಸ್ಟಾಂಗ್ ಕಾರಿನ 5.4 ಲೀಟರ್ ವಿ8 ಎಂಜಿನ್ನಿನ ಮೇಲೆ ಗಾಳಿಯನ್ನು ಒತ್ತಿ ಎಂಜಿನ್ನಿನೊಳಗೆ ತುಂಬುವ ಈಟನ್ ಎಂ122 ಸೂಪರ್‌ಚಾರ್ಜರ್ ಇರುತ್ತದೆ. ಕಾರ್ಖಾನೆಯಿಂದ ಹೊರಬರುವಾಗಲೇ ಅದರದು 500 ಅಶ್ವಶಕ್ತಿ. ಅಷ್ಟಕ್ಕೆ ತೃಪ್ತರಾಗದ ಅಮೆರಿಕದ ಅನೇಕ ಮಾಲೀಕರು ಸೂಪರ್‌ಚಾರ್ಜರಿನ ಪುಲ್ಲಿಯನ್ನು ಚಿಕ್ಕದಾಗಿಸಿ ಅದು ಇನ್ನಷ್ಟು ವೇಗವಾಗಿ ತಿರುಗುವಂತೆ ಮಾಡುತ್ತಾರೆ, ಇಲ್ಲವೇ ಅದನ್ನೇ ತೆಗೆದು 2.9 ಲೀಟರ್ ಸಾಮರ್ಥ್ಯದ ವಿಪಲ್ ಕಂಪನಿಯ ಟ್ವಿನ್‌ಸ್ಕ್ರೂ (ಜೋಡಿ ತಿರುಪಿನ) ಸೂಪರ್‌ಚಾರ್ಜರ್ ಕೂರಿಸುತ್ತಾರೆ. ಎರಡರಲ್ಲೂ ಎಂಜಿನ್ನಿಗೆ ಹೋಗುವ ಗಾಳಿ ಹೆಚ್ಚುತ್ತದೆ. ಆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗದೆ ಮಿಶ್ರಣ ತೆಳುವಾದರೆ, ಅಂದರೆ ಲೀನ್ ಆದರೆ, ಸಿಲಿಂಡರಿನೊಳಗೆ ನಾಕಿಂಗ್, ಅಂದರೆ ಇಂಧನ ಹತೋಟಿ ತಪ್ಪಿ ಸಿಡಿಯುವುದು, ಶುರುವಾಗಿ ಪಿಸ್ಟನ್ ರಿಂಗುಗಳ ನಡುವಿನ ಅಂಚು ಮುರಿಯಲು ಕೆಲವು ಸೆಕೆಂಡುಗಳೇ ಸಾಕು. ಆದ್ದರಿಂದ ಇಂಧನ ವ್ಯವಸ್ಥೆಯ ಕೆಲಸವನ್ನು ಬೂಸ್ಟ್ (ಸೂಪರ್‌ಚಾರ್ಜರ್ ಕೊಡುವ ಗಾಳಿಯ ಒತ್ತಡ) ಏರಿಸಿದ ಮೇಲೆ ನೋಡಿಕೊಳ್ಳೋಣ ಎಂದು ಮುಂದೂಡಬಾರದು; ಅದನ್ನು ಮೊದಲೇ ಮುಗಿಸಬೇಕು.

ಮೊದಲು ಲೆಕ್ಕ

ಬಿಡಿಭಾಗಗಳ ಅಂಗಡಿಗೆ ಹೋಗುವ ಮುನ್ನ ಕಾಗದ, ಪೆನ್ನು ಹಿಡಿದು ಕೂರಬೇಕು. ಸೂಪರ್‌ಚಾರ್ಜರ್ ಇಲ್ಲದ ಪೆಟ್ರೋಲ್ ಎಂಜಿನ್ ಪೂರ್ಣ ಥ್ರಾಟಲ್‌ನಲ್ಲಿ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 225 ಗ್ರಾಂ ಇಂಧನ ಬಳಸಿದರೆ, ಸೂಪರ್‌ಚಾರ್ಜರ್ ಇರುವ ಎಂಜಿನ್ 270ರಿಂದ 295 ಗ್ರಾಂ ಬಳಸುತ್ತದೆ. ಸೂಪರ್‌ಚಾರ್ಜರನ್ನು ತಿರುಗಿಸುವ ಬೆಲ್ಟು ಕ್ರ್ಯಾಂಕ್‌ಶಾಫ್ಟಿನಿಂದಲೇ ಹತ್ತಾರು ಅಶ್ವಶಕ್ತಿಯನ್ನು ಎಳೆದುಕೊಳ್ಳುತ್ತದೆ; ಶಕ್ತಿ ಅಳೆಯುವ ಡೈನೋ ಯಂತ್ರದ ಮೇಲೆ ಕಾಣಿಸದ ಆ ಶಕ್ತಿಗೂ ಪೆಟ್ರೋಲ್ ಉರಿಯಲೇಬೇಕು. ಜೊತೆಗೆ ಪಿಸ್ಟನ್‌ಗಳನ್ನು ತಂಪಾಗಿಡಲು ಮಿಶ್ರಣವನ್ನು ಸ್ವಲ್ಪ ಗಟ್ಟಿಯಾಗಿಯೇ, ಅಂದರೆ ಪೆಟ್ರೋಲ್ ಹೆಚ್ಚಿರುವಂತೆ, ಇಡಬೇಕಾಗುತ್ತದೆ.

ಗುರಿ 750 ಅಶ್ವಶಕ್ತಿ ಎಂದಿಟ್ಟುಕೊಳ್ಳೋಣ. ಇದು ಕ್ರ್ಯಾಂಕಿನ ಲೆಕ್ಕ; ಚಕ್ರದ ಬಳಿ ಅಳೆದರೆ ಶೇ 15ರಷ್ಟು ಕಡಿಮೆ, ಸುಮಾರು 640 ಕಾಣಿಸುತ್ತದೆ. ಈ ಎರಡು ಅಂಕಿಗಳನ್ನು ಒಂದಕ್ಕೊಂದು ಬೆರೆಸಿಕೊಂಡು ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರನ್ನು ಚಿಕ್ಕದಾಗಿ ಕೊಂಡುಬಿಡುವವರು ಬಹಳ. 750ನ್ನು 295 ಗ್ರಾಂನಿಂದ ಗುಣಿಸಿದರೆ ಗಂಟೆಗೆ 221 ಕಿಲೋ, ಅಂದರೆ ಹತ್ತಿರ ಹತ್ತಿರ 300 ಲೀಟರ್ ಪೆಟ್ರೋಲ್. ಎಂಟು ಇಂಜೆಕ್ಟರುಗಳಿಗೆ ಹಂಚಿದರೆ ಒಂದೊಂದಕ್ಕೂ ನಿಮಿಷಕ್ಕೆ 623 ಮಿಲಿಲೀಟರ್. ಆದರೆ ಇಂಜೆಕ್ಟರನ್ನು ಪೂರ್ತಿ ಹೊತ್ತು ತೆರೆದಿಡುವಂತಿಲ್ಲ. 6,250 ಆರ್‌ಪಿಎಂನಲ್ಲಿ ಎಂಜಿನ್ನಿನ ಒಂದು ಪೂರ್ಣ ಆವರ್ತಕ್ಕೆ, ಅಂದರೆ ಕ್ರ್ಯಾಂಕಿನ ಎರಡು ಸುತ್ತಿಗೆ, 19.2 ಮಿಲಿಸೆಕೆಂಡ್ ಸಿಗುತ್ತದೆ. ಅದರಲ್ಲಿ ಶೇ 80, ಅಂದರೆ 15.4 ಮಿಲಿಸೆಕೆಂಡ್ ಮಾತ್ರ ಬಳಸುವುದು ಸುರಕ್ಷಿತ. ಈ ಮಿತಿ ಸೇರಿಸಿದಾಗ ಬೇಕಾಗುವುದು ನಿಮಿಷಕ್ಕೆ ಸುಮಾರು 780 ಮಿಲಿಲೀಟರ್ ಸಾಮರ್ಥ್ಯದ ಇಂಜೆಕ್ಟರ್. ಮಾರುಕಟ್ಟೆಯ ಭಾಷೆಯಲ್ಲಿ ಇದಕ್ಕೆ ಹೊಂದುವುದು 80 ಪೌಂಡಿನದು, ಅಂದರೆ ಗಂಟೆಗೆ 80 ಪೌಂಡ್ ಪೆಟ್ರೋಲ್ ಕೊಡುವಂಥದ್ದು. ಈ ಕಾರಿನೊಂದಿಗೆ ಮೊದಲು ಬಂದದ್ದು 47 ಪೌಂಡಿನದು. ಎಥನಾಲ್ ಪ್ರಮಾಣ ಹೆಚ್ಚಿರುವ ಇ85 ಹಾಕುವ ಯೋಚನೆಯಿದ್ದರೆ ಎಲ್ಲ ಅಂಕಿಗಳಿಗೂ ಶೇ 35ರಿಂದ 40ರಷ್ಟು ಸೇರಿಸಬೇಕು. ಆಗ ಇಂಜೆಕ್ಟರ್ 1,050 ಮಿಲಿಲೀಟರ್ ದಾಟುತ್ತದೆ.

ಒತ್ತಡ ಎಂಬ ನಿಜವಾದ ಪ್ರಶ್ನೆ

ಇಂಜೆಕ್ಟರಿನ ಮೇಲೆ ಬರೆದಿರುವ ಸಾಮರ್ಥ್ಯ ಒಂದು ನಿರ್ದಿಷ್ಟ ಒತ್ತಡದಲ್ಲಿ ಮಾತ್ರ ಸತ್ಯ. ಇಂಜೆಕ್ಟರಿನ ಹಿಂದಿರುವ ಪೆಟ್ರೋಲಿನ ಒತ್ತಡಕ್ಕೂ ಅದರ ಮುಂದಿರುವ ಇನ್‌ಟೇಕ್ ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ ಹಂಚುವ ಕೊಳವೆಯ) ಒತ್ತಡಕ್ಕೂ ಇರುವ ವ್ಯತ್ಯಾಸವೇ ಇಲ್ಲಿ ಮುಖ್ಯ. ಜಿಟಿ500ರಲ್ಲಿ ಈ ವ್ಯತ್ಯಾಸವನ್ನು 39 ಪಿಎಸ್‌ಐನಲ್ಲಿ (ಚದರ ಇಂಚಿಗೆ 39 ಪೌಂಡ್) ಕಾಯ್ದುಕೊಳ್ಳಲಾಗುತ್ತದೆ. ಮ್ಯಾನಿಫೋಲ್ಡಿನಲ್ಲಿ 14 ಪಿಎಸ್‌ಐ ಬೂಸ್ಟ್ ಇದ್ದರೆ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯಾದ ಫ್ಯುಯೆಲ್ ರೈಲಿನಲ್ಲಿ 53 ಪಿಎಸ್‌ಐ ಇರಲೇಬೇಕು. ಇಲ್ಲೇ ಪಂಪುಗಳು ಸೋಲುವುದು, ಏಕೆಂದರೆ ಒತ್ತಡ ಏರಿದಂತೆ ಯಾವ ಪಂಪಾದರೂ ಕೊಡುವ ಪ್ರಮಾಣ ಇಳಿಯುತ್ತದೆ. ಪೆಟ್ಟಿಗೆಯ ಮೇಲೆ ಗಂಟೆಗೆ 255 ಲೀಟರ್ ಎಂದಿದ್ದರೆ ಅದು ಎಷ್ಟು ಪಿಎಸ್‌ಐನಲ್ಲಿ, ಎಷ್ಟು ವೋಲ್ಟಿನಲ್ಲಿ ಎಂದು ಕೇಳಿ, ತಯಾರಕರು ಕೊಡುವ ನಕ್ಷೆಯಲ್ಲಿ ನಮ್ಮ 53 ಪಿಎಸ್‌ಐ ಜಾಗವನ್ನೇ ಓದಬೇಕು. 300 ಲೀಟರ್ ಅಗತ್ಯವಿರುವ ಕಡೆ ಕಾಲುಭಾಗ ಹೆಚ್ಚುವರಿ ಸೇರಿಸಿ, ಆ ಒತ್ತಡದಲ್ಲಿ 375 ಲೀಟರ್ ಕೊಡುವ ವ್ಯವಸ್ಥೆಯನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಈ ಕಾರಿನ ಟ್ಯಾಂಕಿನಲ್ಲಿ ಮೊದಲೇ ಎರಡು ಪಂಪುಗಳಿವೆ. ಮರಳಿ ಟ್ಯಾಂಕಿಗೆ ಹೋಗುವ ಪೈಪು ಇಲ್ಲಿಲ್ಲ. ರೈಲಿನ ಮೇಲಿರುವ ಸೆನ್ಸರ್ ಒತ್ತಡದ ವ್ಯತ್ಯಾಸವನ್ನು ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೆ ತಿಳಿಸುತ್ತದೆ, ಇಸಿಯು ಎರಡು ಡ್ರೈವರ್ ಮಾಡ್ಯೂಲುಗಳ ಮೂಲಕ ಪಂಪಿನ ವೇಗವನ್ನು ಏರಿಸಿ ಇಳಿಸುತ್ತದೆ. ಇದು ಜಾಣ ವ್ಯವಸ್ಥೆ. 750 ಅಶ್ವಶಕ್ತಿಯ ಪೆಟ್ರೋಲ್ ಕಾರಿಗೆ ಇದನ್ನೇ ಉಳಿಸಿಕೊಂಡು, ಅದೇ ಹ್ಯಾಟ್‌ನಲ್ಲಿ (ಪಂಪುಗಳನ್ನು ಹಿಡಿದಿಡುವ ಟ್ಯಾಂಕಿನ ಮುಚ್ಚಳದ ಜೋಡಣೆಯಲ್ಲಿ) ದೊಡ್ಡ ಪಂಪುಗಳನ್ನು ಕೂರಿಸಿ, ವೈರಿಂಗ್ ಬಲಪಡಿಸುವುದು ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ಇ85 ಹಾಕಿ ಸಾವಿರ ಅಶ್ವಶಕ್ತಿಯತ್ತ ಹೊರಟವರಿಗೆ ಮಾತ್ರ ರಿಟರ್ನ್ ಪೈಪು, ಬೂಸ್ಟ್‌ಗೆ ತಕ್ಕಂತೆ ಏರುವ ರೆಗ್ಯುಲೇಟರ್, ಅರ್ಧ ಇಂಚಿನ ಪಿಟಿಎಫ್‌ಇ (ಟೆಫ್ಲಾನ್) ಒಳಪದರದ ಹೋಸ್ ಬೇಕಾಗುತ್ತವೆ.

ಕೆಲಸಕ್ಕೆ ಇಳಿದಾಗ

ಟ್ಯಾಂಕಿನಲ್ಲಿ ಪೆಟ್ರೋಲ್ ಕಾಲುಭಾಗಕ್ಕಿಂತ ಕಡಿಮೆ ಇರುವಾಗ, ಗಾಳಿಯಾಡುವ ಜಾಗದಲ್ಲಿ, ಎಂಜಿನ್ ತಣ್ಣಗಿರುವಾಗ ಕೆಲಸ ಶುರು ಮಾಡಬೇಕು. ಪೆಟ್ರೋಲ್ ಬೆಂಕಿಗೆ ಆಗುವ ಡ್ರೈ ಪೌಡರ್ ಅಗ್ನಿಶಾಮಕ ಕೈಗೆಟುಕುವಲ್ಲಿರಲಿ, ಕಣ್ಣಿಗೆ ಕನ್ನಡಕವಿರಲಿ. ಪಂಪಿನ ಫ್ಯೂಸ್ ತೆಗೆದು ಎಂಜಿನ್ ಚಾಲೂ ಮಾಡಿ, ಅದು ತಾನಾಗಿ ನಿಲ್ಲುವವರೆಗೆ ಓಡಿಸಿದರೆ ರೈಲಿನ ಒತ್ತಡ ಇಳಿಯುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಡಿಸಿ.

ಹಿಂದಿನ ಸೀಟಿನ ಕುಶನ್ ಎತ್ತಿದರೆ ಟ್ಯಾಂಕಿನ ಮೇಲಿನ ಮುಚ್ಚಳ ಕಾಣುತ್ತದೆ. ಅದರ ಸುತ್ತಲಿನ ಧೂಳನ್ನು ವ್ಯಾಕ್ಯೂಮ್‌ನಿಂದ ಎಳೆದ ಮೇಲೆಯೇ ತೆರೆಯಬೇಕು. ಒಳಗೆ ಬಿದ್ದ ಒಂದು ಚಿಟಿಕೆ ಮರಳು ಹೊಸ ಪಂಪಿನ ಆಯುಸ್ಸು ಕಡಿಮೆ ಮಾಡುತ್ತದೆ. ಲಾಕ್ ರಿಂಗನ್ನು ಕಿಡಿ ಹಾರಿಸದ ಹಿತ್ತಾಳೆಯ ಉಳಿಯಿಂದ ಮೆಲ್ಲಗೆ ತಟ್ಟಿ ತಿರುಗಿಸಬೇಕು. ಡ್ರೈವ್‌ಶಾಫ್ಟ್ ಹಾದುಹೋಗಲು ಟ್ಯಾಂಕಿನ ನಡುಭಾಗ ಎತ್ತರವಾಗಿದ್ದು, ಅದು ಎರಡು ಹೊಟ್ಟೆಗಳಾಗಿ ಒಡೆದಿದೆ. ಒಂದು ಬದಿಯ ಪೆಟ್ರೋಲನ್ನು ಇನ್ನೊಂದು ಬದಿಗೆ ಎಳೆದು ತರುವ ಸಣ್ಣ ಜೆಟ್ ಪಂಪಿನ ಕೊಳವೆಯನ್ನು ಮರಳಿ ಜೋಡಿಸಲು ಮರೆತರೆ, ಅರ್ಧ ಟ್ಯಾಂಕ್ ತುಂಬಿದ್ದರೂ ಪಂಪು ಒಣಗುತ್ತದೆ. ಸೋರಿಕೆ ತಡೆಯುವ ಹಳೆಯ ರಬ್ಬರ್ ಓ-ರಿಂಗನ್ನು ಮತ್ತೆ ಬಳಸಬೇಡಿ, ಅದು ಪೆಟ್ರೋಲಿನಲ್ಲಿ ಊದಿಕೊಂಡಿರುತ್ತದೆ.

ವೈರಿಂಗಿಗೆ ಹೆಚ್ಚಿನವರು ಕೊಡಬೇಕಾದಷ್ಟು ಬೆಲೆ ಕೊಡುವುದಿಲ್ಲ. ತೋಟದ ಪಂಪ್‌ಸೆಟ್‌ಗೆ ವೋಲ್ಟೇಜ್ ಇಳಿದಾಗ ಪೈಪಿನ ನೀರು ಸಣ್ಣಗಾಗುವಂತೆ, ಕಾರಿನ ಪಂಪೂ 13.5 ವೋಲ್ಟಿನಲ್ಲಿ ಕೊಡುವಷ್ಟನ್ನು 12ರಲ್ಲಿ ಕೊಡಲಾರದು. ಬ್ಯಾಟರಿಯಿಂದ ದಪ್ಪ ತಾಮ್ರದ ತಂತಿ ಎಳೆದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇಟ್ಟು, ಅರ್ತಿಂಗ್ ತಂತಿಯನ್ನು ಬಣ್ಣ ಕೆರೆದ ಲೋಹಕ್ಕೆ ಬಿಗಿಯಬೇಕು. ನಂತರ ಪಂಪು ಪೂರ್ಣ ವೇಗದಲ್ಲಿ ಓಡುವಾಗ ಕನೆಕ್ಟರಿನ ಹತ್ತಿರವೇ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಓದಬೇಕು. ಬ್ಯಾಟರಿಯ ಬಳಿ ಓದಿದ ಅಂಕಿಯಿಂದ ಪ್ರಯೋಜನವಿಲ್ಲ.

ಇಂಜೆಕ್ಟರುಗಳನ್ನು ಕೂರಿಸುವಾಗ ಓ-ರಿಂಗ್‌ಗಳಿಗೆ ಒಂದು ಹನಿ ಎಂಜಿನ್ ಆಯಿಲ್ ಸವರಿ ನೇರವಾಗಿ ಒತ್ತಬೇಕು. ಮುಗಿದ ಮೇಲೆ ಬ್ಯಾಟರಿ ಜೋಡಿಸಿ, ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ಮಾತ್ರ ಮೂರ್ನಾಲ್ಕು ಬಾರಿ ಆನ್ ಮಾಡಿ, ಪ್ರತಿಯೊಂದು ಜೋಡಣೆಯನ್ನೂ ಟಾರ್ಚ್ ಹಾಕಿ ನೋಡಬೇಕು. ಎಲ್ಲಿಯಾದರೂ ಒದ್ದೆ ಕಂಡರೆ ಅಲ್ಲಿಗೇ ನಿಲ್ಲಿಸಿ.

ಟ್ಯೂನಿಂಗ್ ಮತ್ತು ಪರೀಕ್ಷೆ

ಹೊಸ ಇಂಜೆಕ್ಟರಿನ ದತ್ತಾಂಶ ಇಸಿಯುಗೆ ಸೇರದಿದ್ದರೆ ಐಡ್ಲಿಂಗಿನಲ್ಲೇ ಕಾರು ತಡವರಿಸುತ್ತದೆ. ಸಾಮರ್ಥ್ಯದ ಅಂಕಿಯೊಂದೇ ಸಾಲದು. ವಿದ್ಯುತ್ ಬಂದ ಮೇಲೆ ಇಂಜೆಕ್ಟರ್ ತೆರೆಯಲು ತೆಗೆದುಕೊಳ್ಳುವ ವಿಳಂಬ ಪ್ರತಿ ವೋಲ್ಟೇಜಿಗೂ ಬೇರೆ ಬೇರೆ ಇರುತ್ತದೆ. ಆ ಕೋಷ್ಟಕವನ್ನು ಕೊಡದ ತಯಾರಕರ ಇಂಜೆಕ್ಟರ್ ಎಷ್ಟು ಅಗ್ಗವಾದರೂ ಕೊಳ್ಳಬೇಡಿ.

ಡೈನೋ ಮೇಲೆ ಕಡಿಮೆ ಬೂಸ್ಟಿನಿಂದ ಆರಂಭಿಸಿ, ವೈಡ್‌ಬ್ಯಾಂಡ್ ಸೆನ್ಸರಿನ ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅನುಪಾತದ ಅಂಕಿ; ಅದು ಏರಿದಷ್ಟೂ ಮಿಶ್ರಣ ತೆಳು), ರೈಲಿನ ಒತ್ತಡ, ಇಂಜೆಕ್ಟರ್ ತೆರೆದಿರುವ ಪ್ರಮಾಣ, ನಾಕ್ ಸೆನ್ಸರ್, ಈ ನಾಲ್ಕನ್ನೂ ಒಟ್ಟಿಗೆ ದಾಖಲಿಸಬೇಕು. ಉದಾಹರಣೆಗೆ ದಾಖಲೆಯಲ್ಲಿ 5,000 ಆರ್‌ಪಿಎಂವರೆಗೆ ಒತ್ತಡದ ವ್ಯತ್ಯಾಸ 39ರಲ್ಲಿ, ಲ್ಯಾಂಬ್ಡಾ 0.80ರಲ್ಲಿ ನಿಂತಿದ್ದು, 5,800ಕ್ಕೆ ಬರುವಷ್ಟರಲ್ಲಿ ಒತ್ತಡ 31ಕ್ಕೆ ಕುಸಿದಿದೆ ಎನ್ನೋಣ. ಹರಿವು ಒತ್ತಡದ ವರ್ಗಮೂಲವನ್ನು ಅನುಸರಿಸುವುದರಿಂದ ಇಂಜೆಕ್ಟರ್ ಆಗ ಶೇ 11ರಷ್ಟು ಕಡಿಮೆ ಪೆಟ್ರೋಲ್ ಕೊಡುತ್ತದೆ, ಲ್ಯಾಂಬ್ಡಾ 0.90ರ ಹತ್ತಿರ ಹೋಗುತ್ತದೆ. ಇದನ್ನು ಕಂಡ ಕೂಡಲೇ ಇಂಜೆಕ್ಟರನ್ನು ಇನ್ನಷ್ಟು ಹೊತ್ತು ತೆರೆದಿಡುವಂತೆ ಟ್ಯೂನ್ ತಿದ್ದುವ ಆತುರ ಹುಟ್ಟುತ್ತದೆ. ಹಾಗೆ ಮಾಡಲೇಬಾರದು. ಕೊರತೆ ಪಂಪಿನಲ್ಲಿದೆ, ವೋಲ್ಟೇಜಿನಲ್ಲಿದೆ ಅಥವಾ ಕಟ್ಟಿಕೊಂಡ ಫಿಲ್ಟರಿನಲ್ಲಿದೆ, ಅಲ್ಲೇ ಸರಿಪಡಿಸಬೇಕು. ಒತ್ತಡ ಒಂದು ಮಿತಿಗಿಂತ ಇಳಿದರೆ ಥ್ರಾಟಲನ್ನು ತಾನಾಗಿ ಮುಚ್ಚುವ ರಕ್ಷಣೆಯನ್ನೂ ಟ್ಯೂನಿಂಗಿನಲ್ಲಿ ಬರೆಸಿಕೊಳ್ಳಿ.

ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರು ಬಿಡಿಭಾಗಕ್ಕೆ ಅಲ್ಲಿನ ಏರ್ ರಿಸೋರ್ಸಸ್ ಬೋರ್ಡಿನ ಅನುಮೋದನೆ ಸಂಖ್ಯೆ ಇದೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ.

ಡೈನೋದಲ್ಲಿ ಎಲ್ಲವೂ ಸರಿಯಾಗಿ ಬಂದರೂ, ಟ್ಯಾಂಕ್ ಕಾಲುಭಾಗಕ್ಕೆ ಇಳಿದಿರುವಾಗ, ಪೆಟ್ರೋಲ್ ಬಿಸಿಯಾಗಿರುವ ಬೇಸಿಗೆಯ ಮಧ್ಯಾಹ್ನ, ರೇಸ್ ಟ್ರ್ಯಾಕಿನಲ್ಲಿ ಇನ್ನೊಮ್ಮೆ ಇದೇ ದಾಖಲೆ ತೆಗೆಯಬೇಕು. ಬಿಸಿ ಪೆಟ್ರೋಲ್ ಪಂಪಿನ ಬಾಯಲ್ಲೇ ಆವಿಯಾಗಿ ಒತ್ತಡ ಕುಸಿಯುವ ದೋಷ ಆಗ ಮಾತ್ರ ಹೊರಬೀಳುತ್ತದೆ. ಅಲ್ಲಿಯೂ ಒತ್ತಡದ ಗೆರೆ ಎಂಜಿನ್ನಿನ ಗರಿಷ್ಠ ಆರ್‌ಪಿಎಂವರೆಗೆ ಅಲುಗದೆ ನಿಂತರೆ, ದೊಡ್ಡ ಸೂಪರ್‌ಚಾರ್ಜರಿನ ಪೆಟ್ಟಿಗೆಯನ್ನು ಬಿಚ್ಚಬಹುದು.