ಹಳೆಯ ಸಿಬಿ ರೇಡಿಯೊ ಸಿಕ್ಕಿತೇ? ಮೊದಲ ದಿನ ಸ್ವಿಚ್ ಹಾಕಬೇಡಿ

ಸಿಬಿ ಎಂದರೆ ಸಿಟಿಜನ್ಸ್ ಬ್ಯಾಂಡ್, ಸಾಮಾನ್ಯ ಜನರು ತಮ್ಮತಮ್ಮಲ್ಲೇ ಮಾತನಾಡಿಕೊಳ್ಳಲು ಬಳಸುವ ರೇಡಿಯೊ. ನನ್ನ ಮೊದಲ ಸಿಬಿ ರೇಡಿಯೊ ಒಂದು ಹಳೆಯ ಮನೆಯ ಸಾಮಾನು ಖಾಲಿ ಮಾಡುವಾಗ ಸಿಕ್ಕಿತು. ಚಪ್ಪಟೆಯಾದ ಲೋಹದ ಡಬ್ಬಿ, ಮುಂದೆ ತಿರುಗುವ ಎರಡು ಗುಂಡಿಗಳು, ಚಾನಲ್ ಸಂಖ್ಯೆ ಬರೆದ ಚಕ್ರ, ಸುರುಳಿ ತಂತಿಯ ತುದಿಗೆ ಮೈಕ್. ಅದೇ ಸಂಜೆ ಅದನ್ನು 12 ವೋಲ್ಟ್ ಬ್ಯಾಟರಿಗೆ ಜೋಡಿಸಿದೆ. ವಿದ್ಯುತ್ ತಂತಿಗಳೆರಡರ ಬಣ್ಣವೂ ಮಾಸಿತ್ತು. ಊಹೆಯ ಮೇಲೆ ಜೋಡಿಸಿದೆ, ಊಹೆ ತಪ್ಪಿತು. ಇಂಥ ಸೆಟ್ಟುಗಳಲ್ಲಿ ಧನ, ಋಣ ಅದಲುಬದಲಾದರೆ ಒಂದು ಡಯೋಡ್ ಇಡೀ ವಿದ್ಯುತ್ತನ್ನು ತನ್ನ ಮೂಲಕ ಹರಿಸಿಕೊಂಡು ಫ್ಯೂಸನ್ನು ಸುಡುತ್ತದೆ, ರೇಡಿಯೊ ಉಳಿಯುತ್ತದೆ. ಆದರೆ ಯಾರೋ ಹಿಂದೆಂದೋ ಫ್ಯೂಸಿನ ಜಾಗದಲ್ಲಿ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿಟ್ಟಿದ್ದರು. ಕಾಗದ ಕರಗುವ ಮುನ್ನವೇ ಬೋರ್ಡಿನ ತಾಮ್ರದ ಪಟ್ಟಿ ಸುಟ್ಟಿತು. ಹತ್ತಾರು ವರ್ಷ ಸುಮ್ಮನೆ ಕಾದಿದ್ದ ವಸ್ತುವನ್ನು ಎರಡು ಸೆಕೆಂಡಿನಲ್ಲಿ ಕೆಡಿಸಿದೆನಲ್ಲ ಎಂಬ ಸಂಕಟ ಇನ್ನೂ ಆರಿಲ್ಲ. ನಿಮಗೂ ಹಾಗಾಗದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಹುಡುಕುವಾಗ

ಮಾರುವವರಿಗೆ ಇದರ ಹೆಸರೇ ಗೊತ್ತಿರುವುದಿಲ್ಲ. ಕಾರಿನ ರೇಡಿಯೊ ಎನ್ನುತ್ತಾರೆ, ಪೊಲೀಸ್ ವೈರ್‌ಲೆಸ್ ಎನ್ನುತ್ತಾರೆ. ಆದ್ದರಿಂದ ಹೆಸರು ಕೇಳಬೇಡಿ, ರೂಪ ನೋಡಿ. ಹಿಂಭಾಗದಲ್ಲಿ ದಪ್ಪ ತಿರುಪಿನ ದುಂಡನೆಯ ಆಂಟೆನಾ ಸಾಕೆಟ್, ಮುಂದೆ ಅಥವಾ ಪಕ್ಕದಲ್ಲಿ ನಾಲ್ಕು ಇಲ್ಲವೇ ಐದು ಪಿನ್ನಿನ ಮೈಕ್ ಸಾಕೆಟ್, ‘ಸ್ಕ್ವೆಲ್ಚ್’ ಎಂದು ಬರೆದ ಗುಂಡಿ (ಯಾರೂ ಮಾತನಾಡದಾಗ ಬರುವ ಗದ್ದಲವನ್ನು ಅಡಗಿಸುವುದು), ಕೆಲವೇ ಸಂಖ್ಯೆಗಳಿರುವ ಚಾನಲ್ ಚಕ್ರ. ಇವಿದ್ದರೆ ಬಹುಮಟ್ಟಿಗೆ ಸಿಬಿಯೇ. ಗುಜರಿ ಅಂಗಡಿ, ಹಳೆಯ ಲಾರಿಗಳ ಕ್ಯಾಬಿನ್, ಹ್ಯಾಮ್ ರೇಡಿಯೊ ಹವ್ಯಾಸಿಗಳು (ಲೈಸೆನ್ಸ್ ಪಡೆದು ರೇಡಿಯೊದಲ್ಲಿ ಮಾತನಾಡುವವರು) ಸೇರುವ ಸಂತೆ, ಅಟ್ಟದ ಮೂಲೆ ಎಲ್ಲಿಯಾದರೂ ಸಿಗಬಹುದು.

ವಯಸ್ಸು ತಿಳಿಯುವುದು ಸುಲಭ. ಅಮೆರಿಕದಲ್ಲಿ 27 ಮೆಗಾಹರ್ಟ್ಸ್ ತರಂಗಗುಚ್ಛವನ್ನು (ಬ್ಯಾಂಡ್) ಸಾಮಾನ್ಯ ನಾಗರಿಕರಿಗೆ ತೆರೆದದ್ದು 1958ರಲ್ಲಿ. ಆಗಿನಿಂದ ಬಹುಕಾಲ ಇದ್ದದ್ದು 23 ಚಾನಲ್. 1973ರ ತೈಲ ಬಿಕ್ಕಟ್ಟಿನ ನಂತರ ಇಂಧನ ಸಿಗುವ ಜಾಗ, ವೇಗಮಿತಿ ಹಿಡಿಯುವ ಪೊಲೀಸರ ಸುಳಿವು ಹಂಚಿಕೊಳ್ಳಲು ಲಾರಿ ಚಾಲಕರು ಇದನ್ನು ಹಿಡಿದರು. ಅವರ ಹಿಂದೆ ಇಡೀ ದೇಶವೇ ಮುಗಿಬಿದ್ದಿತು. ಜಾಗ ಸಾಲದೆ 1977ರ ಜನವರಿ 1ರಿಂದ ಚಾನಲ್‌ಗಳು 40 ಆದವು. ಹಾಗಾಗಿ ಅಮೆರಿಕದ ಸೆಟ್ಟಿನ ಚಕ್ರ 23ಕ್ಕೆ ನಿಂತರೆ ಅದು ಬಹುತೇಕ 1977ಕ್ಕಿಂತ ಹಳೆಯದು. ಬ್ರಿಟನ್ ಸಿಬಿಗೆ ಒಪ್ಪಿಗೆ ಕೊಟ್ಟದ್ದು 1981ರ ನವೆಂಬರ್ 2ರಂದು, ಅದೂ ಬೇರೆ ಆವರ್ತನಗಳಲ್ಲಿ, ಎಫ್‌ಎಂ ವಿಧಾನದಲ್ಲಿ (ಎಫ್‌ಎಂ, ಎಎಂ ಎಂದರೆ ದನಿಯನ್ನು ಅಲೆಯ ಮೇಲೆ ಏರಿಸುವ ಬೇರೆ ಬೇರೆ ಬಗೆಗಳು). ಆ ಸೆಟ್ಟುಗಳ ಮುಖದಲ್ಲಿ ‘27/81’ ಎಂಬ ಮುದ್ರೆ ಇರುತ್ತದೆ. ಇದು ಬರೀ ಇತಿಹಾಸವಲ್ಲ: ಹಳೆಯ ಅಮೆರಿಕನ್ ಸೆಟ್ಟನ್ನೂ ಆ ಕಾಲದ ಬ್ರಿಟಿಷ್ ಸೆಟ್ಟನ್ನೂ ಒಂದೇ ಚಾನಲ್ ಸಂಖ್ಯೆಗೆ ಇಟ್ಟರೂ ಅವು ಒಂದರ ಮಾತು ಇನ್ನೊಂದು ಕೇಳುವುದಿಲ್ಲ. ಜೋಡಿಯಾಗಿ ಕೊಳ್ಳುವವರು ಇದನ್ನು ಮೊದಲು ನೋಡಿಕೊಳ್ಳಬೇಕು.

ಕೊಳ್ಳುವ ಮೊದಲು ತಿರುಪುಗಳ ತಲೆ ನೋಡಿ. ಸವೆದು ಗೀರು ಬಿದ್ದಿದ್ದರೆ ಹಲವರು ಒಳಗೆ ಕೈಹಾಕಿದ್ದಾರೆ. ಮುಖಫಲಕದಲ್ಲಿ ಕಾರ್ಖಾನೆಯವರು ಮಾಡಿರದ ತೂತು, ಹೆಚ್ಚುವರಿ ಸ್ವಿಚ್ಚು ಇದ್ದರೂ ಅದೇ ಅರ್ಥ. ಮೂಗಿನ ಹತ್ತಿರ ಹಿಡಿಯಿರಿ; ಸುಟ್ಟ ವಾಸನೆ ವರ್ಷಗಟ್ಟಲೆ ಉಳಿಯುತ್ತದೆ. ಕೈಯಲ್ಲಿ ಹಿಡಿದು ಮಾತನಾಡುವ ಸೆಟ್ಟಾದರೆ ಬ್ಯಾಟರಿ ಗೂಡನ್ನು ತೆರೆಯದೆ ಹಣ ಕೊಡಬೇಡಿ. ಮೈಕ್ ಇದೆಯೇ ನೋಡಿ. ಹಲವು ಸೆಟ್ಟುಗಳಲ್ಲಿ ಸ್ಪೀಕರಿನ ದಾರಿ ಮೈಕಿನ ಸ್ವಿಚ್ಚಿನ ಮೂಲಕವೇ ಹೋಗುತ್ತದೆ. ಮೈಕ್ ಚುಚ್ಚದಿದ್ದರೆ ರೇಡಿಯೊ ಮೂಕ. ‘ಕೆಟ್ಟಿದೆ’ ಎಂದು ಮೂಲೆಗೆ ಎಸೆದಿದ್ದ ಎರಡು ಸೆಟ್ಟುಗಳು ನನ್ನ ಮೇಜಿನ ಮೇಲೆ ಸರಿಯಾದ ಮೈಕ್ ಸಿಕ್ಕಿದ ಕೂಡಲೇ ಮಾತನಾಡಿದವು. ಆದರೆ ಪಿನ್ನುಗಳ ಸಂಖ್ಯೆ ಒಂದೇ ಇದ್ದ ಮಾತ್ರಕ್ಕೆ ಯಾವುದೋ ಮೈಕನ್ನು ಚುಚ್ಚಬೇಡಿ. ಕಂಪನಿಗೊಂದು ಜೋಡಣೆ, ಸರ್ಕೀಟ್ ನಕ್ಷೆ ನೋಡಿಯೇ ಬೆಸುಗೆ ಹಾಕಬೇಕು.

ಜೊತೆಗಿರುವ ಕಾಗದ, ಪೆಟ್ಟಿಗೆ, ವಾಹನಕ್ಕೆ ತೂಗುಹಾಕುವ ಪಟ್ಟಿ ಎಲ್ಲವನ್ನೂ ಕೇಳಿ ತೆಗೆದುಕೊಳ್ಳಿ. ಅಮೆರಿಕದಲ್ಲಿ 1983ರವರೆಗೆ ಸಿಬಿಗೆ ಲೈಸೆನ್ಸ್ ಬೇಕಿತ್ತು, ಆದ್ದರಿಂದ ಪೆಟ್ಟಿಗೆಯಲ್ಲಿ ಒಮ್ಮೊಮ್ಮೆ ಹಳೆಯ ಲೈಸೆನ್ಸ್ ಚೀಟಿಯೇ ಇರುತ್ತದೆ. ಅದನ್ನು ಜೋಪಾನ ಮಾಡಿ. ಅದರ ಮೇಲೆ ಒಬ್ಬ ವ್ಯಕ್ತಿಯ ಹೆಸರು, ವಿಳಾಸ ಇರುವುದರಿಂದ ಫೋಟೊ ತೆಗೆದು ಎಲ್ಲರಿಗೂ ತೋರಿಸಬೇಡಿ.

ಮೊದಲ ಸಂಜೆ: ಕಣ್ಣಿಗೆ ಮಾತ್ರ ಕೆಲಸ

ಮುಚ್ಚಳ ತೆಗೆದು ಟಾರ್ಚ್ ಹಿಡಿಯಿರಿ. ಸ್ಪೀಕರ್ ತಂತಿ ಮುಚ್ಚಳಕ್ಕೇ ಅಂಟಿರುತ್ತದೆ, ಜಗ್ಗಬೇಡಿ. ಉಬ್ಬಿದ ಅಥವಾ ಬುಡದಲ್ಲಿ ಒಸರಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್, ಕಪ್ಪಗಾದ ರೆಸಿಸ್ಟರ್, ನಂತರ ಸೇರಿಸಿದ ತಂತಿ, ಕತ್ತರಿಸಿದ ಬಿಡಿಭಾಗದ ಕಾಲು ಇವೆಲ್ಲವನ್ನೂ ಫೋಟೊ ತೆಗೆದಿಟ್ಟುಕೊಳ್ಳಿ. ಫ್ಯೂಸ್ ಹೊರತೆಗೆದು ಅದು ನಿಜವಾದ ಫ್ಯೂಸೇ, ಎಷ್ಟು ಆಂಪಿಯರಿನದು ಎಂದು ನೋಡಿ. ತಂತಿಯ ಬಣ್ಣವನ್ನು ನಂಬಬೇಡಿ. ಮಲ್ಟಿಮೀಟರ್ ಹಿಡಿದು, ದೊಡ್ಡ ಕೆಪಾಸಿಟರಿನ ಋಣ ಗುರುತಿನಿಂದ ಹಿಂದಕ್ಕೆ ಹುಡುಕುತ್ತ ಹೋಗಿ ಯಾವುದು ಧನ, ಯಾವುದು ಋಣ ಎಂದು ಖಚಿತಪಡಿಸಿಕೊಂಡು ಹೊಸ ಗುರುತು ಕಟ್ಟಿ.

ಒಳಗೆ ವಾಲ್ವುಗಳು, ಅಂದರೆ ಬಲ್ಬಿನಂಥ ಗಾಜಿನ ಕೊಳವೆಗಳು ಕಂಡರೆ ಇಲ್ಲಿಗೇ ನಿಲ್ಲಿ. ಮನೆಯಲ್ಲಿಟ್ಟು ಬಳಸುವ ವಾಲ್ವ್ ಸೆಟ್ಟುಗಳಲ್ಲಿ ನೂರಾರು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ. ಜೀವ ತೆಗೆಯುವಷ್ಟು ಉಳಿದಿರುತ್ತದೆ. ಹಳೆಯ ಕೆಪಾಸಿಟರುಗಳನ್ನು ಬದಲಿಸಿ, ಬಲ್ಬನ್ನು ಸರಣಿಯಲ್ಲಿಟ್ಟು ನಿಧಾನವಾಗಿ ವಿದ್ಯುತ್ ಏರಿಸಿ ಅಭ್ಯಾಸವಿರುವವರಿಗೆ ಆ ಕೆಲಸವನ್ನು ಬಿಟ್ಟುಬಿಡಿ.

ವಿದ್ಯುತ್ ಕೊಡುವುದು

ಟ್ರಾನ್ಸಿಸ್ಟರ್ ಸೆಟ್ಟಿಗೆ 13.8 ವೋಲ್ಟ್, ಮೂರು ಆಂಪಿಯರ್ ಸಾಮರ್ಥ್ಯದ, ಕರೆಂಟಿಗೆ ಮಿತಿ ಹಾಕಬಲ್ಲ ಪವರ್ ಸಪ್ಲೈ ಸಾಕು. ಮೊದಲು ಮಿತಿಯನ್ನು ಒಂದು ಆಂಪಿಯರಿಗೆ ಇಳಿಸಿ. ಕೇಳುವ ಸ್ಥಿತಿಯಲ್ಲಿ ಸೆಟ್ಟು ಕೆಲವು ನೂರು ಮಿಲಿಆಂಪಿಯರ್ ಮಾತ್ರ ಎಳೆಯಬೇಕು. ಮಿತಿ ಮುಟ್ಟಿದರೆ ತಕ್ಷಣ ಆರಿಸಿ.

ಹಿಸ್ಸೆನ್ನುವ ಸದ್ದು ಬಂತೇ? ಒಳ್ಳೆಯ ಲಕ್ಷಣ. ವಾಲ್ಯೂಮ್ ತಿರುಗಿಸುವಾಗ ಗರಗರ ಎಂದರೆ ಸ್ವಲ್ಪ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಆರಿಸಿಟ್ಟು ಹತ್ತಿಪ್ಪತ್ತು ಬಾರಿ ತಿರುಗಿಸಿ. ಚಾನಲ್ ಚಕ್ರಕ್ಕೂ ಅದೇ ಉಪಚಾರ.

ಕೆಲವು ಚಾನಲ್ ಮಾತ್ರ ಸತ್ತಿದ್ದರೆ ಯಾವುವು ಎಂದು ಬರೆದುಕೊಳ್ಳಿ. ಈ ರೋಗನಿರ್ಣಯ ನನಗೆ ಬಲು ಇಷ್ಟ. 23 ಚಾನಲ್ಲಿನ ಅನೇಕ ಸೆಟ್ಟುಗಳಲ್ಲಿ ಚಾನಲ್ಲಿಗೊಂದು ಸ್ಫಟಿಕ (ನಿಗದಿತ ಆವರ್ತನ ಹುಟ್ಟಿಸುವ ಬಿಡಿಭಾಗ) ಇರುವುದಿಲ್ಲ. ಆರು ಸ್ಫಟಿಕಗಳ ಒಂದು ಗುಂಪು, ಅದರೊಂದಿಗೆ ಬೆರೆಯಲು ಕೇಳುವುದಕ್ಕೆ ನಾಲ್ಕು, ಮಾತಿಗೆ ನಾಲ್ಕು. ಒಟ್ಟು ಹದಿನಾಲ್ಕರಿಂದ ಎಲ್ಲ ಚಾನಲ್‌ಗಳನ್ನೂ ಹುಟ್ಟಿಸುತ್ತಾರೆ. 5, 6, 7, 8 ಹೀಗೆ ಅಕ್ಕಪಕ್ಕದ ನಾಲ್ಕು ಸತ್ತಿದ್ದರೆ ದೋಷ ಆರರ ಗುಂಪಿನಲ್ಲಿ. 2, 6, 10, 14 ಹೀಗೆ ನಾಲ್ಕು ನಾಲ್ಕು ಹೆಜ್ಜೆಗೆ ಸತ್ತಿದ್ದರೆ ನಾಲ್ಕರ ಗುಂಪಿನಲ್ಲಿ. ಕೇಳುವಾಗ ಸರಿಯಿದ್ದು ಮಾತನಾಡುವಾಗ ಮಾತ್ರ ಸತ್ತರೆ ಮಾತಿನ ನಾಲ್ಕರಲ್ಲಿ. ಉಪಕರಣವಿಲ್ಲದೆ, ಪೆನ್ನು ಕಾಗದದಿಂದಲೇ ರೋಗ ತಿಳಿಯುತ್ತದೆ. ಚಕ್ರದ ಕೊಳೆಯೂ ಇದೇ ಲಕ್ಷಣ ತೋರಿಸಬಹುದು, ಹಾಗಾಗಿ ಮೊದಲು ತೊಳೆದು, ಆಮೇಲೆ ಸ್ಫಟಿಕವನ್ನು ಶಂಕಿಸಿ.

ಆಂಟೆನಾ ಇಲ್ಲದೆ ಮೈಕಿನ ಗುಂಡಿ ಒತ್ತಲೇಬೇಡಿ. ಹೊರಹೋಗಲು ದಾರಿ ಸಿಗದ ಶಕ್ತಿ ಕೊನೆಯ ಟ್ರಾನ್ಸಿಸ್ಟರನ್ನೇ ಸುಡಬಹುದು. ಪರೀಕ್ಷೆಗೆ 50 ಓಮಿನ ಡಮ್ಮಿ ಲೋಡ್ ಜೋಡಿಸಿ. ಶಕ್ತಿ ಅದರಲ್ಲೇ ಬಿಸಿಯಾಗಿ ಮುಗಿಯುತ್ತದೆ, ಗಾಳಿಗೆ ಹೋಗುವುದಿಲ್ಲ. ಅಮೆರಿಕದ ನಿಯಮದಲ್ಲಿ ಎಎಂಗೆ 4 ವ್ಯಾಟ್, ಸಿಂಗಲ್ ಸೈಡ್‌ಬ್ಯಾಂಡಿಗೆ (ಎಎಂನದೇ ಇನ್ನೊಂದು ರೂಪ) ಗರಿಷ್ಠ 12 ವ್ಯಾಟ್ ಮಿತಿ. ಎಎಂನಲ್ಲಿ ಮೀಟರ್ ಏಳೆಂಟು ತೋರಿಸಿದರೆ ಹಿಗ್ಗಬೇಡಿ. ಯಾರೋ ಒಳಗೆ ತಿರುಚಿದ್ದಾರೆ, ಪಕ್ಕದ ಚಾನಲ್‌ಗಳಿಗೂ ಗಲಾಟೆ ಚೆಲ್ಲುತ್ತಿರಬಹುದು. ಸುರುಳಿಗಳೊಳಗಿನ ಫೆರೈಟ್ ತಿರುಪುಗಳನ್ನು ಅಂದಾಜಿನ ಮೇಲೆ ತಿರುಗಿಸುವವರನ್ನು ಕಂಡರೆ ನನಗೆ ನಿಜವಾಗಿಯೂ ಕೋಪ ಬರುತ್ತದೆ. ಅವು ಗಾಜಿನಂತೆ ಸೀಳುತ್ತವೆ, ಸೀಳಿದ ಮೇಲೆ ಸೆಟ್ಟು ಹೊಂದಾಣಿಕೆಗೆ ಬರುವುದೇ ಕಷ್ಟ.

ಏನು ಮಾಡುವುದು?

ಇಷ್ಟಾದ ಮೇಲೆಯೇ ಈ ಪ್ರಶ್ನೆ. ಒಳಗೆ ಯಾರೂ ಕೈಹಾಕಿಲ್ಲವೇ, ಮತ್ತು ಅದು ಅಪರೂಪದ್ದೇ, ಈ ಎರಡರ ಮೇಲೆ ನನ್ನ ತೀರ್ಮಾನ ನಿಂತಿರುತ್ತದೆ. ಬ್ರೌನಿಂಗ್ ಗೋಲ್ಡನ್ ಈಗಲ್ (ಕೇಳುವುದಕ್ಕೊಂದು, ಮಾತಿಗೊಂದು ಎಂದು ಎರಡು ಪೆಟ್ಟಿಗೆಗಳಲ್ಲಿ ಬಂದದ್ದು) ಅಥವಾ ಟ್ರಾಮ್ ಡಿ201 ಕೈಗೆ ಬಂದರೆ ಮೂಲ ರೂಪವನ್ನು ಕೆಡಿಸಬೇಡಿ. ಬದಲಿಸಿದ ಪ್ರತಿ ಬಿಡಿಭಾಗವನ್ನೂ ಪೊಟ್ಟಣದಲ್ಲಿ ಕಟ್ಟಿ ಜೊತೆಗಿಡಿ. ಮುಖಫಲಕವನ್ನು ಸ್ಪಿರಿಟ್‌ನಿಂದ ಒರೆಸಿದರೆ ಅಕ್ಷರಗಳೇ ಅಳಿದುಹೋಗಬಹುದು. ಒದ್ದೆ ಬಟ್ಟೆ, ಒಂದು ಹನಿ ಸೋಪು ಸಾಕು.

ಸಾಮಾನ್ಯ ವಾಹನದ ಸೆಟ್ಟುಗಳು ಲಕ್ಷಗಟ್ಟಲೆ ತಯಾರಾದವು. ಅವನ್ನು ಗಾಜಿನ ಕಪಾಟಿನಲ್ಲಿಡುವ ಬದಲು ಬಳಸಿ ಎಂದೇ ಹೇಳುತ್ತೇನೆ. ಮಾತನಾಡುವ ಮೊದಲು ನಿಮ್ಮ ದೇಶದ ನಿಯಮ ಓದಿ: ಆವರ್ತನ, ವಿಧಾನ, ಶಕ್ತಿ ಮೂರೂ ದೇಶದಿಂದ ದೇಶಕ್ಕೆ ಬೇರೆ. ನಿಮ್ಮ ಸೆಟ್ಟು ಆ ಮೂರಕ್ಕೂ ಹೊಂದದಿದ್ದರೆ ಮೈಕನ್ನು ಕಳಚಿಡಿ. ಮೈಕ್ ಇಲ್ಲದೆ ಮೂಕವಾಗುವ ಸೆಟ್ಟಾದರೆ ಮಾತಿನ ಗುಂಡಿಯ ತಂತಿಯನ್ನಷ್ಟೇ ಬಿಡಿಸಿ. ಕೇಳುವುದೂ ಕಡಿಮೆ ಸುಖವಲ್ಲ. ಸೂರ್ಯನ ಕಲೆಗಳು ಸುಮಾರು 11 ವರ್ಷಗಳಿಗೊಮ್ಮೆ ಉತ್ತುಂಗಕ್ಕೇರುತ್ತವೆ. ಆ ದಿನಗಳಲ್ಲಿ ವಾತಾವರಣದ ಮೇಲಿನ ವಿದ್ಯುದಾವಿಷ್ಟ ಪದರವಾದ ಅಯಾನುಗೋಳ ಈ ಅಲೆಗಳನ್ನು ಭೂಮಿಗೆ ಮರಳಿಸುತ್ತದೆ, ಸಾವಿರಾರು ಕಿಲೋಮೀಟರ್ ಆಚೆಯ ದನಿ ಹಗಲಿನಲ್ಲೇ ಬಂದು ಇಳಿಯುತ್ತದೆ. ಕಾಲು ಅಲೆಯುದ್ದದ ಆಂಟೆನಾ ಎಂದರೆ ಸುಮಾರು 2.7 ಮೀಟರ್ ಸರಳು. ಎತ್ತರದಲ್ಲಿ, ವಿದ್ಯುತ್ ತಂತಿಗಳಿಂದ ದೂರದಲ್ಲಿ ನಿಲ್ಲಿಸಿ. ಮಾತನಾಡುವವರು ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾದಿಂದ ಶಕ್ತಿ ಎಷ್ಟು ಮರಳುತ್ತಿದೆ ಎಂದು ತೋರಿಸುವುದು) ಹಾಕಿ 1.5ರೊಳಗೆ ತಂದುಕೊಳ್ಳಿ, 3 ದಾಟಿದರೆ ಗುಂಡಿ ಒತ್ತಬೇಡಿ.

28 ಮೆಗಾಹರ್ಟ್ಸ್‌ನ ಹ್ಯಾಮ್ ತರಂಗಗುಚ್ಛಕ್ಕೆ ಬದಲಿಸಿಕೊಳ್ಳುವವರೂ ಇದ್ದಾರೆ. ಅದಕ್ಕೆ ಹ್ಯಾಮ್ ಲೈಸೆನ್ಸ್ ಬೇಕು, ಮತ್ತು ಬಲಿಯಾಗುವ ಸೆಟ್ಟು ಈಗಾಗಲೇ ಯಾರೋ ತಿರುಚಿ ಕೆಡಿಸಿದ್ದಾಗಿರಲಿ. ಪೂರ್ತಿ ಸತ್ತದ್ದನ್ನೂ ಎಸೆಯಬೇಡಿ. ಅದರ ಸ್ಫಟಿಕ, ಚಾನಲ್ ಚಕ್ರ, ಗುಂಡಿಗಳನ್ನು ಹುಡುಕುತ್ತಿರುವ ಇನ್ನೊಬ್ಬರು ಎಲ್ಲೋ ಇರುತ್ತಾರೆ.

ನಾನು ಸುಟ್ಟ ಆ ಮೊದಲ ಸೆಟ್ಟನ್ನು ಆಮೇಲೆ ದಪ್ಪ ತಂತಿಯ ಸೇತುವೆ ಹಾಕಿ, ಹೊಸ ಡಯೋಡ್ ಕೂರಿಸಿ ಎಬ್ಬಿಸಿದೆ. ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸಿದ್ದೇನೆ: ಸುಟ್ಟದ್ದು ಏನು, ಬದಲಿಸಿದ್ದು ಏನು, ಯಾವ ದಿನ, ಎಷ್ಟು ಆಂಪಿಯರಿನ ಫ್ಯೂಸ್, ಧನ ತಂತಿ ಯಾವುದು. ನೀವೂ ಮುಚ್ಚಳ ಹಾಕುವ ಮುನ್ನ ಅಂಥದ್ದೊಂದು ಬರೆದಂಟಿಸಿ. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿಯಂತೆ ಅದು ಬಿಳಿಚಿಕೊಳ್ಳುವುದಿಲ್ಲ.